ನಮ್ಮ ಸೋದರಮಾವ ಸಾರ್

ಮದುವೆಯಾಗಿ ಎರಡು ತಿಂಗಳಾಗಿತ್ತು, ಆದರೂ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನಾನು ಕುಮಾರಿ ಎಂದು ಬರೆದುಕೊಟ್ಟೆ. ಅದು ಸಾಲದೆಂದು, ನಿಮ್ಮೆದುರೇ ನೀವು ನನ್ನ ಗಂಡನಲ್ಲವೆಂಬಂತೆ ಮಾತಾಡಿದೆ. ನಲವತ್ತು ವರ್ಷ ದಾಟಿತು. ನಾವಿಬ್ಬರೂ ಆ ಮಾತೆತ್ತಿಲ್ಲ — ನೀವು ದೊಡ್ಡತನದಿಂದ, ನಾನು ಅಂಜಿಕೆಯಿಂದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದು ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಓದುತ್ತಿದ್ದೆ. ಮೊದಲ ವರ್ಷ ಮುಗಿದ ಬೇಸಿಗೆಯಲ್ಲೇ ಅಮ್ಮ ತನ್ನ ತಮ್ಮನಾದ ನಿಮಗೆ ನನ್ನನ್ನು ಧಾರೆಯೆರೆದುಕೊಟ್ಟಳು. ಶ್ರೀನಿವಾಸಪುರದಲ್ಲಿ ನಿಮಗೆ ಸರ್ಕಾರಿ ನೌಕರಿಯಿತ್ತು. ಮಾತು ಬಂದಾಗಿನಿಂದ ಮಾವ ಎಂದು ಕೂಗಿದ ಬಾಯಿ, ಮದುವೆಯಾದ ಮೇಲೂ ಹಾಗೆಯೇ ಕೂಗುತ್ತಿತ್ತು. ನಿಮಗೂ ಅದೇ ಇಷ್ಟವಿತ್ತು.

ಎರಡನೆಯ ವರ್ಷದ ಅರ್ಜಿಯಲ್ಲಿ ಒಂದು ಸಾಲಿತ್ತು: ವಿವಾಹಿತೆಯಾಗಿದ್ದಲ್ಲಿ ಗಂಡ ಹೆಂಡತಿಯರ ಒಟ್ಟು ವರಮಾನ. ನಿಮ್ಮ ಸಂಬಳ ಸೇರಿದರೆ ಮಿತಿ ದಾಟುತ್ತಿತ್ತು. ನೀವು ಓದಿ, "ನನ್ ಸಂಬ್ಳ ಬರಿ ಕಣೇ. ಬಂದ್ರೆ ಬರ್ಲಿ, ಇಲ್ದಿದ್ರೆ ನಾನ್ ಓದಿಸ್ತೀನಿ" ಎಂದಿರಿ. ಒಳಗಿನಿಂದ ಅಜ್ಜಿ — ನಿಮ್ಮ ತಾಯಿ, ಈಗ ನನಗೆ ಅತ್ತೆ — "ಸ್ಕಾಲರ್‌ಶಿಪ್ ಬಂದ್ರೆ ಓದ್ಲಿ, ಇಲ್ದಿದ್ರೆ ಮನೇಲಿದ್ಕೊಂಡು ರೇಷ್ಮೆ ಹುಳ ಮೇಯಿಸ್ಲಿ" ಎಂದಳು. ಅಜ್ಜಿಯ ಮಾತು ಮೀರಿದವರನ್ನು ನಾನು ಕಂಡಿರಲಿಲ್ಲ. ನಿಮ್ಮನ್ನು ನಂಬಬೇಕಿತ್ತು. ನಂಬಲಿಲ್ಲ.

ಕೋಲಾರಕ್ಕೆ ಹಿಂದಿರುಗಿದವಳೇ, ಮುಳಬಾಗಿಲ ಕಡೆ ರಾಗಿ ಬೆಳೆಯುತ್ತಿದ್ದ ಅಪ್ಪನ ವರಮಾನದ ಸರ್ಟಿಫಿಕೇಟನ್ನೇ ಮತ್ತೆ ಲಗತ್ತಿಸಿದೆ. ಕಾಲುಂಗುರ ಟ್ರಂಕು ಸೇರಿತು, ತಾಳಿ ರವಿಕೆಯೊಳಗೆ.

ಅರ್ಜಿ ಪರಿಶೀಲನೆಗೆ ಕರೆದ ದಿನ ಗುಮಾಸ್ತರ ಮೇಜಿನ ಮುಂದೆ ನಿಂತಿದ್ದೇನೆ — ಬಾಗಿಲಲ್ಲಿ ನೀವು! ಕೈಯಲ್ಲಿ ಮಾವಿನಹಣ್ಣಿನ ಚೀಲ, ಮುಖದ ತುಂಬ ನಗು. ಗುಮಾಸ್ತರು ತಲೆಯೆತ್ತಿ, "ಯಾರಮ್ಮ ಇವ್ರು?" ಎಂದರು.

"ನಮ್ಮ ಸೋದರಮಾವ ಸಾರ್."

ಸುಳ್ಳಲ್ಲ, ನಿಜವೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಥೂ, ಆ ಗಳಿಗೆಯಲ್ಲಿ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆನಲ್ಲ! ನಿಮ್ಮ ನಗು ಇಳಿಯಿತು. ಮೇಜಿನ ಮೇಲಿನ ಅರ್ಜಿಯನ್ನೊಮ್ಮೆ, ಬರಿದಾದ ನನ್ನ ಕಾಲ್ಬೆರಳನ್ನೊಮ್ಮೆ ನೋಡಿದಿರಿ. "ಹೌದು ಸಾರ್, ನಮ್ಮಕ್ಕನ ಮಗಳು" ಎಂದು ಚೀಲ ಕೊಟ್ಟು ಹೊರಟಿರಿ. ಬಸ್ ಸ್ಟ್ಯಾಂಡಿನವರೆಗಾದರೂ ನಾನು ಜೊತೆಗೆ ಬರಬಹುದಿತ್ತು...

ದುಡ್ಡು ಬಂತು. ನನ್ನಿಂದಾಗಿ ಅದು ಕೈತಪ್ಪಿದ ಹುಡುಗಿ ಯಾರೋ, ವಿಚಾರಿಸುವ ಗೋಜಿಗೂ ಹೋಗಲಿಲ್ಲ. ರಜೆಗೆ ಬಂದು ಮಾವ ಎಂದು ಕರೆದರೆ ನೀವು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. "ಬೇಕಾದ್ರೆ ಹೆಸರು ಹಿಡ್ದು ಕೂಗು, ಹಂಗೆ ಮಾತ್ರ ಕರೀಬೇಡ" ಎಂದಿರಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಂಬತ್ತರ ಮೊದಲಲ್ಲಿ ಯಲ್ದೂರಿನ ಹತ್ತಿರ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಸೇರುವ ದಿನ ನೀವೂ ಬಂದಿರಿ. ಈ ಸಲ "ನಮ್ಮ ಯಜಮಾನರು" ಎಂದು ಹೇಳಿಯೇಬಿಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಹೆಡ್‌ಮಾಸ್ತರು ನಿಮ್ಮತ್ತ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ನೀವು ಹೇಳಿದಿರಿ: "ನಾನು ಇವಳ ಸೋದರಮಾವ ಸಾರ್."

ಹಂಗಿಸಲು ಹೇಳಿದ್ದಲ್ಲ. ಮದುವೆ ಯಾವಾಗಾಯಿತೆಂದು ಕೇಳಿದರೆ ಹಳೆಯ ಅರ್ಜಿ ಹೊರಬಿದ್ದು ನನ್ನ ಕೆಲಸಕ್ಕೆ ಕುತ್ತು ಬಂದೀತೆಂದು ಹೆದರಿದ್ದಿರಿ. "ಅಲ್ಲ ಸಾರ್, ನನ್ನ ಗಂಡ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆ. ಮುಂದಿನ ಬೇಸಿಗೆ ರಜೆ ಮುಗಿದ ಮೇಲೆ, ಈಗಷ್ಟೇ ಮದುವೆಯಾಯಿತೆಂದು ಹೇಳಿ ಶಾಲೆಗೆಲ್ಲ ಲಾಡು ಹಂಚಿದೆ. ಅಯ್ಯೋ, ಆ ಲಾಡುಗಳನ್ನೂ ಶ್ರೀನಿವಾಸಪುರದಿಂದ ಹೊತ್ತು ತಂದವರು ನೀವೇ.

ಓದುವ ಆಸೆಗೆ ಹೀಗೆ ಮಾಡಿದೆ ಎನ್ನುವುದಿಲ್ಲ. ಓದುವ ಆಸೆಯಿದ್ದವರೆಲ್ಲ ಗಂಡನನ್ನು ಅಲ್ಲಗಳೆಯುವುದಿಲ್ಲ. ನಾಳೆ ಕಾಫಿಯಾದ ಮೇಲೆ ಇದನ್ನು ನಿಮ್ಮೆದುರು ಕೂತು ಓದುತ್ತೇನೆ. ಹೋಗಲಿ ಬಿಡು ಎನ್ನುತ್ತೀರಿ, ಗೊತ್ತು. ದಯವಿಟ್ಟು ಹಾಗೆನ್ನಬೇಡಿ.