ಹಡಗಿಗೆ ಹಚ್ಚೂ ಹಲಗಿ

ತಮ್ಮನ ಅಂಗಡಿ ಮುಂದ ಯಾರದರೆ ಜೀಪ್ ನಿಂತ್ರ ನನಗ ಊಟ ರುಚಿಸೂದಿಲ್ಲ. ಖರೆ ಹೇಳತೇನಿ, ಮುಚ್ಚಿಡಾಕ ಏನೈತಿ? ನನ್ನ ವೆಲ್ಡಿಂಗ್ ಅಂಗಡಿ ಮೂಡಲಗಿಯಾಗ, ಅವಂದು ಕಲ್ಲೋಳಿಯಾಗ. ಇಬ್ಬರೂ ಕಬ್ಬಿನ ಟ್ರೇಲರ್ ಮಾಡತೇವಿ. ಅವಗ ಕೆಲಸ ಕಲಿಸಿದಾಂವ ನಾನ.

ಹೋದ ವರ್ಷ ಗೋಕಾಕದ ಸಾಹೇಬರೊಬ್ಬರು ನನ್ನ ಕಡೆ ಬಂದ್ರು. ನೌಕಾಪಡೆಯಿಂದ ರಿಟೈರಾಗಿ, ಈಗ ಹಡಗಿಗೆ ಬೇಕಾದ ಸಾಮಾನು ಮಾಡಿಸಿ ಕೊಡೂ ಗುತ್ತಿಗಿ ಹಿಡದಾರ. ಸೈನಿಕರನ್ನ ಸಮುದ್ರದ ದಂಡಿಗೆ ಇಳಿಸಾಕಂತ ದೊಡ್ಡ ಹಡಗು ಕಟ್ಟಿದ್ರ ರೊಕ್ಕ ನೀರಿನಂಗ ಹೋಗತೈತಿ, ಅದರ ಬದಲಿ ಇದ್ದ ಸಣ್ಣ ಯುದ್ಧನೌಕೆಗೇ ಬೇಕಾದಾಗ ಹಚ್ಚಿ ಬ್ಯಾಡಾದಾಗ ತಗಿಯೂವಂಥಾ, ಸೈನಿಕರು ನಡದು ದಂಡಿಗೆ ಇಳಿಯೂ ಕಬ್ಬಿಣದ ಹಲಗಿ ಮಾಡಿದ್ರ ಅಗ್ಗದಾಗ ಕೆಲಸ ಆಗತೈತಿ ಅಂತ ತಿಳಿಸಿ ಹೇಳಿದ್ರು. ನಕ್ಷೆ ಕೊಟ್ಟು ಒಂದು ಮಾದರಿ ಮಾಡ್ರಿ ಅಂದ್ರು. ನನ್ನ ಎದಿ ಉಬ್ಬಿತು. ಹೋಗಮುಂದ, ನಿಮ್ಮ ತಮ್ಮಗೂ ಹೇಳೇನಿ, ಛಲೋ ಇದ್ದದ್ದಕ್ಕ ಆರ್ಡರ್ ಅಂದ್ರು. ಅವತ್ತಿನಿಂದ ನನಗ ನಿದ್ದಿ ಹತ್ತಲಿಲ್ಲ.

ನಮ್ಮ ಕಡೆ ಹತ್ತು ಟನ್ನಿನ ಟ್ರೇಲರ್ ಮಾಡಿಸಿಕೊಂಡಾಂವ ಇಪ್ಪತ್ತು ಟನ್ ಕಬ್ಬು ಹೇರತಾನ. ಅದಕ್ಕ ಹೇಳಿದ್ದಕ್ಕಿಂತ ದಪ್ಪ ಕಬ್ಬಿಣ ಹಾಕೂದು ನನಗ ರೂಢಿ. ಹಲಗಿಗೂ ಹಂಗ ಹಾಕಿದ್ನಿ. ತಮ್ಮಂದು ಹೆಂಗ ಆಗೈತಿ ನೋಡೂಣಂತ ಎರಡು ಸಲ ಸುಮ್ಮಸುಮ್ಮನ ಕಲ್ಲೋಳಿ ರೋಡಿಗೆ ಗಾಡಿ ತಿರುವಿದ್ನಿ. ಬದ್ಮಾಶ, ತಾಡಪತ್ರಿ ಹೊಚ್ಚಿಟ್ಟಿದ್ದ.

ಪರೀಕ್ಷೆ ಹಿಡಕಲ್ ಡ್ಯಾಮಿನ ನೀರಾಗ. ಬಾಡಿಗಿ ಬೋಟಿಗೆ ನನ್ನ ಹಲಗಿ ಹಚ್ಚಾಕ ಆರು ಮಂದಿ ಬೇಕಾತು. ಹಚ್ಚಿದ ಕೂಡ್ಲೆ ಬೋಟಿನ ಮೂತಿ ನೀರಿಗೆ ಬಗ್ಗಿತು. ಸೈನಿಕರ ಬದಲಿ ಉಸುಕಿನ ಚೀಲ ಹೊತ್ತು ಇಳಿದಾಂವ ನಡುವ ಜಾರಿ ಕುಂತ. ತಮ್ಮನ ಹಲಗಿ ಇಬ್ಬರೇ ಎತ್ತಿ ಹಚ್ಚಿದ್ರು. ಅದಕ್ಕ ಗೇಣಿಗೊಂದು ಅಡ್ಡಪಟ್ಟಿ. ಚೀಲ ಹೊತ್ತವರು ಕಾಲ ಕಡೆ ನೋಡದ ದಬದಬ ಇಳಿದು ದಂಡಿ ಹತ್ತಿದ್ರು. ಸಾಹೇಬರು ಅವನ ಬೆನ್ನು ಚಪ್ಪರಿಸಿದ್ರು. ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ತಡೀಲಾರದ, ನಕ್ಷೆದಾಗ ಇಲ್ಲದ ಈ ಪಟ್ಟಿ ಅಳತಿ ಎಲ್ಲಿಂದ ತಂದಿ ಅಂತ ಕೇಳೇಬಿಟ್ನಿ.

“ವೈನಿನ್ನ ಕೇಳಿದ್ನಿ, ಅಣ್ಣಾ,” ಅಂದ.

ವೈನಿ ಅಂದ್ರ ನನ್ನ ಹೆಂಡತಿ! ಮದುವಿಗಿಂತ ಮೊದಲು ಹುಕ್ಕೇರಿ ಕಡೆ ಕಬ್ಬಿನ ಹೊರಿ ತಲಿಮ್ಯಾಲ ಹೊತ್ತು, ಹಲಗಿ ಮ್ಯಾಲಿಂದ ಟ್ರೇಲರ್ ಹತ್ತಿ ಇಳಿದಾಕಿ. ನನಗೇನು ಗೊತ್ತಿಲ್ಲದ್ದಲ್ಲ. ಮನಿಗೆ ಬಂದಾಂವನ, ಅವಗ ಹೇಳಿದಾಕಿ ನನಗ್ಯಾಕ ಹೇಳಲಿಲ್ಲ ಅಂತ ಅಕಿಮ್ಯಾಲ ಹರಿಹಾಯ್ದ್ನಿ. ಅಕಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.

“ಅಂವ ಬಂದು ಅರ್ಧ ತಾಸು ಕುಂತು ಕೇಳಿದ, ಹೇಳಿದ್ನಿ. ನೀವು ಯಾವತ್ತರೆ ಕೇಳೀರೇನ್ರಿ?”

ಆರ್ಡರ್ ತಮ್ಮಗ ಹೋತು. ಅದರ ಹೊಟ್ಟಿಕಿಚ್ಚು ಹೆಂಗರೆ ಆರೀತು. ಹದಿನೆಂಟು ವರ್ಷ ಸಂಸಾರ ಮಾಡಿ ನಾ ಕೇಳದ ಬಿಟ್ಟ ಅಕಿ ಮಾತು, ಅಂವ ಅರ್ಧ ತಾಸಿನ್ಯಾಗ ಕೇಳಿಕೊಂಡು ಹೋದ. ಆ ಅರ್ಧ ತಾಸಿನ ಮ್ಯಾಲ ನನಗ ಇನ್ನೂ ಹೊಟ್ಟಿಕಿಚ್ಚೈತಿ.