ಮಾಕಳಿಯ ಫೇರೋ

ತುಮಕೂರು ರಸ್ತೆಯ ಮಾಕಳಿಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ಶಾಲೆಗೂ, ಬಾಡಿಗೆಗಿದ್ದ ವಠಾರಕ್ಕೂ ಒಬ್ಬರೇ ಒಡೆಯರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಶಾಲೆ, ಕಾರ್ಖಾನೆ ಶೆಡ್ಡುಗಳು, ಒಂದು ಕಲ್ಯಾಣ ಮಂಟಪ ಎದ್ದಿದ್ದವು. ಎಲ್ಲದರ ಮೇಲೂ ಅವರ ಫೋಟೊ. ಬೆಳಿಗ್ಗೆ ಶಾಲೆಯಲ್ಲಿ ಅವರಿಗೆ ನಮಸ್ಕಾರ ಹೇಳಿ, ಸಂಜೆ ವಠಾರದಲ್ಲಿ ಅವರ ಒಣ ನಲ್ಲಿಗೆ ಕೈಮುಗಿಯುವುದು ನನ್ನ ದಿನಚರಿಯಾಗಿತ್ತು.

ನಮ್ಮ ಬೋರ್‌ವೆಲ್ ಬತ್ತಿರಲಿಲ್ಲ. ಅದರ ನೀರು ಮೊದಲು ಶೆಡ್ಡುಗಳಿಗೆ, ಆಮೇಲೆ ಕಲ್ಯಾಣ ಮಂಟಪಕ್ಕೆ, ಮನಸ್ಸು ಬಂದರೆ ನಮಗೆ. ವಠಾರದಲ್ಲಿದ್ದವರಲ್ಲಿ ಹೆಚ್ಚಿನವರು ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು. ಬಸ್ಸಿಗೆ ಓಡುವ ಮುಂಚೆ ಅವರು ಬಿಂದಿಗೆ ಹಿಡಿದು ಪಂಚಾಯಿತಿಯ ತೊಟ್ಟಿಗೆ ಓಡಬೇಕಿತ್ತು. ಕೇಳಿದರೆ ಮೋಟಾರ್ ಸುಟ್ಟಿದೆ ಎಂಬ ಉತ್ತರ ಬರುತ್ತಿತ್ತು. ಅಷ್ಟು ಸಲ ಸುಟ್ಟ ಮೋಟಾರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷದ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಪ್ರಾಚೀನ ಈಜಿಪ್ಟಿನ ಪುಟ್ಟ ನಾಟಕವೊಂದನ್ನು ಮಾಡಿಸಲು ಹೊರಟೆ. ಅಭ್ಯಾಸ ನೋಡಲು ಬಂದ ಒಡೆಯರು ರಟ್ಟಿನ ಕಿರೀಟ ಕಂಡು ಮನಸೋತರು. ಫೇರೋ ಅಂದರೆ ಯಾರು ಎಂದು ಕೇಳಿದರು. ಜನ ದೇವರೆಂದೇ ನಂಬುತ್ತಿದ್ದ ದೊರೆ ಎಂದೆ. ಮರುದಿನ ಆ ಪಾತ್ರ ಅವರದಾಯಿತು. ಊರಿನ ಪೌರಾಣಿಕ ನಾಟಕಗಳಲ್ಲಿ ರಾಜನ ವೇಷ ಕಟ್ಟಿ ಅಭ್ಯಾಸವಿದ್ದವರು, ಬೇಡ ಎನ್ನುವ ಧೈರ್ಯ ಯಾರಿಗಿತ್ತು?

ದೊರೆಯ ಕೆಲಸಗಳೇನು ಎಂದು ವಿವರಿಸಬೇಕಾಯಿತು. ಎಲ್ಲ ಗುಡಿಗಳಿಗೂ ಅವನೇ ಮುಖ್ಯ ಪೂಜಾರಿ, ಆದರೆ ದಿನದ ಪೂಜೆಯನ್ನು ಅವನ ಹೆಸರಲ್ಲಿ ಬೇರೆಯವರು ಮಾಡುತ್ತಿದ್ದರು. ಇದು ಅವರಿಗೆ ಬಹಳ ಹಿಡಿಸಿತು. ಗುಡಿಗಳ ಗೋಡೆಯ ಮೇಲೆಲ್ಲ ಶತ್ರುವಿನ ಜುಟ್ಟು ಹಿಡಿದು ಬಡಿಯುವ ಅವನದೇ ಚಿತ್ರ. ಇದೂ ಹಿಡಿಸಿತು. ಬಹುಕಾಲ ಆಳಿದ ದೊರೆ ಮೈಯಲ್ಲಿ ಇನ್ನೂ ಕಸುವಿದೆ ಎಂದು ತೋರಿಸಲು ಹಬ್ಬದಲ್ಲಿ ಸೊಂಟಕ್ಕೆ ಗೂಳಿಯ ಬಾಲ ಕಟ್ಟಿಕೊಂಡು ಓಡಬೇಕು ಎಂದಾಗ ಮಾತ್ರ ಮುಖ ಸಣ್ಣದಾಯಿತು.

"ಬಾಲ ಗೀಲ ಬೇಡ ಮೇಡಂ. ನಾಳೆ ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕು ನಾನು" ಎಂದರು.

ಬಾಲ ಬಿಟ್ಟೆ. ನ್ಯಾಯ ಕಾಯುವುದು, ಕಣಜದಲ್ಲಿ ಧಾನ್ಯ ತುಂಬಿಸುವುದು, ನೈಲ್ ನದಿ ಕಾಲಕ್ಕೆ ಸರಿಯಾಗಿ ಉಕ್ಕುವಂತೆ ದೇವರನ್ನು ಒಲಿಸುವುದು ಉಳಿದವು. ಮಳೆ ಬೀಳುತ್ತಿದ್ದುದು ಎಲ್ಲೋ ದೂರದ ಬೆಟ್ಟಗಳಲ್ಲಿ, ಹೆಸರು ಬರುತ್ತಿದ್ದುದು ದೊರೆಗೆ. ಆ ಭಾಗದ ಮಾತುಗಳನ್ನು ನಾನು ಬೇಕೆಂದೇ ಜೋರಾಗಿ ಬರೆದೆ.

ವಾರ್ಷಿಕೋತ್ಸವದ ಸಂಜೆ ಹುಸಿಗಡ್ಡ ಕಟ್ಟಿಕೊಂಡ ಒಡೆಯರು, ತಮ್ಮ ಆಳ್ವಿಕೆಯಲ್ಲಿ ಯಾರ ಮನೆಯ ಗಡಿಗೆಯೂ ಖಾಲಿ ಇರುವುದಿಲ್ಲ ಎಂದು ಮೈಕಿನಲ್ಲಿ ಗುಡುಗಿದರು. ನಮ್ಮ ಕಡೆಯ ನಾಟಕಗಳಲ್ಲಿ ಒಂದು ಪದ್ಧತಿಯಿದೆ. ಪಾತ್ರಧಾರಿಯ ಕಡೆಯವರು ನಡುವೆಯೇ ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ, ಅಷ್ಟು ಹೊತ್ತು ಕಥೆ ನಿಂತಿರುತ್ತದೆ. ಈಜಿಪ್ಟೂ ನಿಂತಿತು. ಭಾವಮೈದುನರು, ಶೆಡ್ಡಿನವರು, ಪಂಚಾಯಿತಿ ಸದಸ್ಯರು ಸಾಲಾಗಿ ಬಂದರು. ಕೊನೆಗೆ ನಮ್ಮ ಪಕ್ಕದ ಮನೆಯ ಗಾರ್ಮೆಂಟ್ಸ್ ಅಕ್ಕ ಸೇವಂತಿಗೆ ಹಾರ ಹಿಡಿದು ಮೇಲೆ ಹತ್ತಿದಳು. ಹಾರ ಹಾಕಿ, ಮೈಕಿನ ಹತ್ತಿರವೇ ನಿಂತು ಕೇಳಿದಳು.

"ಅಂಗಾದ್ರೆ ನಮ್ಮ ವಠಾರಕ್ಕೆ ಯಾವತ್ತು ನೀರು ಬಿಡ್ತೀರಣ್ಣ?"

ಒಡೆಯರು ಗಡ್ಡ ಸರಿಮಾಡಿಕೊಂಡರು. ತಲೆಯ ಮೇಲೆ ಕಿರೀಟ, ಕೊರಳು ತುಂಬ ಹಾರ, ಎದುರಿಗೆ ಊರಿಗೆ ಊರೇ. ಮೋಟಾರ್ ಸುಟ್ಟಿದೆ ಎಂದು ಫೇರೋ ಹೇಳುವುದಾದರೂ ಹೇಗೆ? ನಾಳೆ ಬೆಳಿಗ್ಗೆಯೇ ನೀರು ಹರಿಯಲಿ, ಇದು ದೊರೆಯ ಆಜ್ಞೆ ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ.

ಮರುದಿನ ಬೆಳಿಗ್ಗೆ ನಲ್ಲಿ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ಸರಾಗವಾಗಿ ಸುರಿಯಿತು. ಹೆಂಗಸರು ಬಕೆಟ್ಟು, ಡ್ರಮ್ಮು, ಕುಕ್ಕರನ್ನೂ ಬಿಡದೆ ತುಂಬಿಸಿಟ್ಟರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಸಂಜೆ ಮನೆಗೆ ಬರುವಷ್ಟರಲ್ಲಿ ವಠಾರದ ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್ ಏರಿತ್ತು. ಕಿರೀಟ, ಹುಸಿಗಡ್ಡದ ಒಡೆಯರು ಕೈ ಜೋಡಿಸಿ ನಿಂತಿದ್ದರು. ಕೆಳಗೆ 'ಬಡವರಿಗೆ ನೀರು ಕೊಟ್ಟ ದೊರೆ' ಎಂದಿತ್ತು.

ನೀರು ಕೆಲವು ವಾರ ಬಂತು. ಆಮೇಲೆ ಕಲ್ಯಾಣ ಮಂಟಪದಲ್ಲಿ ಮದುವೆಗಳ ಕಾಲ ಶುರುವಾಯಿತು, ಮೋಟಾರ್ ಮತ್ತೆ ಸುಟ್ಟಿತು. ಒಡೆಯರು ನನ್ನನ್ನು ಆಫೀಸಿಗೆ ಕರೆಸಿ ಕಾಫಿ ಕೊಟ್ಟು, ನಾಟಕ ಚೆನ್ನಾಗಿತ್ತೆಂದು ಹೊಗಳಿದರು. ಎದ್ದು ಹೊರಡುವಾಗ ಮೆಲ್ಲಗೆ ಹೇಳಿದರು.

"ಮುಂದಿನ ವರ್ಷ ಕೆಲ್ಸ ಗಿಲ್ಸ ಏನೂ ಇಲ್ದಿರೋ ರಾಜ ಯಾರಾದ್ರೂ ಇದ್ರೆ ನೋಡಿ ಮೇಡಂ."

ನೋಡ್ತೀನಿ ಸಾರ್ ಎಂದು ಬಂದೆ. ವಠಾರದ ಗೇಟಿನಲ್ಲಿ ಫ್ಲೆಕ್ಸ್ ಇರಲಿಲ್ಲ. ಪಕ್ಕದ ಮನೆಯ ಅಕ್ಕ ಅದನ್ನು ಬಿಚ್ಚಿ ತಂದು, ಧೂಳು ಬೀಳದಿರಲೆಂದು ತನ್ನ ಖಾಲಿ ಡ್ರಮ್ಮಿಗೆ ಹೊದಿಸಿ, ದೊರೆಯ ಮುಖದ ಮೇಲೆ ಒಂದು ಕಲ್ಲು ಹೇರಿದ್ದಳು.