ನಡುಹೊಳೆಯಲ್ಲಿ ನಿಂತ ಎಂಜಿನ್

ಬೆಂಗ್ರೆಯಿಂದ ಹೊಳೆಯಾಚೆಯ ಬಂದರಿಗೆ ದಾಟುವ ದೋಣಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಟ ಕೂಡಲೇ ಜಗಳ ಎದ್ದಿತು. ನನ್ನೆದುರು ಕೂತ ತೆಳ್ಳಗಿನ ಹೆಂಗಸು ಇಲ್ಲಿನ ವಾರ್ಡಿನ ಸದಸ್ಯೆಯಂತೆ. ನಲ್ಲಿಯಲ್ಲಿ ಉಪ್ಪುನೀರು ಬರುತ್ತಿದೆ ಎಂದು ಎಲ್ಲರೂ ಅವರ ಮೇಲೆ ಹರಿಹಾಯುತ್ತಿದ್ದರು.

"ಇದನ್ನು ಆಫೀಸಿನಲ್ಲಿ ಕೇಳಬಾರದೇ?" ಎಂದು ಪಕ್ಕದಲ್ಲಿದ್ದ ಬ್ಯಾರಿ ಅಂಗಡಿಯವರನ್ನು ಕೇಳಿದೆ.

"ಅಲ್ಲಿ ಮೀಟಿಂಗ್ ಉಂಟು ಅಂತ ಎದ್ದು ಹೋಗ್ತಾರೆ ಮಾರಾಯ್ರೆ. ಇಲ್ಲಿಂದ ಎಲ್ಲಿಗೆ ಹೋಗುವುದು?"

ಮೀನಿನ ಬುಟ್ಟಿಯ ಅಜ್ಜಿಗೆ ಮಾತ್ರ ನೀರಿನ ಚಿಂತೆಯಿರಲಿಲ್ಲ. "ಬೇಗ ಬಿಡು, ಐಸ್ ಕರಗ್ತದೆ" ಎಂದು ದೋಣಿಯವನಿಗೆ ಗದರುತ್ತಲೇ ಇದ್ದರು.

ಸದಸ್ಯೆ ನೀರು ಸರಬರಾಜಿನ ಇಂಜಿನಿಯರಿಗೆ ಫೋನ್ ಮಾಡಿದರು. "ಎಂತ? ಕೇಳುವುದಿಲ್ಲ ಸರ್" ಎಂದು ಕೂಗಿದರು. ದೋಣಿಯವನು ನಡುಹೊಳೆಯಲ್ಲೇ ಎಂಜಿನ್ ನಿಲ್ಲಿಸಿಬಿಟ್ಟ. ಸದಸ್ಯೆಯನ್ನು ಹೆದರಿಸುತ್ತಿದ್ದಾನೆಂದುಕೊಂಡು ನಾನು ದೋಣಿಯ ಅಂಚು ಹಿಡಿದೆ.

"ಈಗ ಮಾತಾಡಿ ಅಕ್ಕ, ಕೇಳ್ತದೆ" ಎಂದ ಅವನು.

ಬೈಯುತ್ತಿದ್ದವರೆಲ್ಲ ಫೋನಿನತ್ತ ಬಾಗಿ ಕಿವಿಗೊಟ್ಟರು.

"ನಾಳೆ ಅಂತ ಹೇಳ್ಬೇಡಿ ಸರ್. ನನ್ನ ಮನೆಯ ನಲ್ಲಿಯಲ್ಲೂ ಅದೇ ನೀರು ಬರ್ತಾ ಉಂಟು" ಎಂದರು ಸದಸ್ಯೆ.

ದೋಣಿ ಮೆಲ್ಲಗೆ ಅಳಿವೆಯ ಕಡೆಗೆ, ಸಮುದ್ರದತ್ತ ತೇಲತೊಡಗಿತ್ತು. ಬುಟ್ಟಿಯಿಂದ ಸೋರಿದ ಐಸಿನ ನೀರು ನನ್ನ ಚಪ್ಪಲಿ ಮುಟ್ಟಿತು. ಸದಸ್ಯೆ ಫೋನಿಗೆ ಕೈ ಅಡ್ಡ ಹಿಡಿದು, ಅಳುಕಿನಿಂದ ಅಜ್ಜಿಯನ್ನು ನೋಡಿದರು.

ಅಜ್ಜಿ ಬುಟ್ಟಿಯ ಮೇಲೆ ಒದ್ದೆ ಗೋಣಿ ಎಳೆದರು. "ಅವರನ್ನು ಬಿಡಬೇಡ ಮಗಳೇ, ಮಾತಾಡು."